ಅಟ್ಟದ ಮೇಲಿನ ಅನ್ನದ ವಾಸನೆ

ಒಲೆ ಆರಿತ್ತು. ಮಡಕೆಗಳನ್ನು ತೊಳೆದು ಬೋರಲು ಹಾಕಿಯಾಗಿತ್ತು. ಆದರೂ ದೀಪ ಹಚ್ಚುವ ಹೊತ್ತಿಗೆ ಪಂಪಮ್ಮನ ಅಡುಗೆಕೋಣೆಯಲ್ಲಿ ಅನ್ನ ಕುದಿಯುವ ಪರಿಮಳ ಎದ್ದಿತು. ಹಬೆಯಿಲ್ಲ, ಹೊಗೆಯಿಲ್ಲ, ಬೆಂಕಿಯ ಸುಳಿವೂ ಇಲ್ಲ. ಹೊಸ ಸಣ್ಣಕ್ಕಿಯನ್ನು ಹದವಾದ ಉರಿಯ ಮೇಲಿಟ್ಟಾಗ, ಗಂಜಿ ಬಸಿಯುವ ಮುನ್ನ ಏಳುವಂಥ ಪರಿಮಳವೊಂದು ಮಾತ್ರ ಗೋಡೆಗೆ ಒರಗಿ ನಿಂತಂತೆ ನಿಂತಿತ್ತು.

ಬತ್ತಿ ಹೊಸೆಯುತ್ತಿದ್ದ ಪಂಪಮ್ಮ ಕೈ ನಿಲ್ಲಿಸಿದಳು. ಹಿತ್ತಿಲಿನಿಂದ ನೀರು ತರುತ್ತಿದ್ದ ಸೊಸೆಯನ್ನು ಬಾಗಿಲಲ್ಲಿಯೇ ತಡೆದಳು.

“ಮರುಳಸಿದ್ದಮ್ಮ, ಯಾವ ಗಡಿಗ್ಯಾಗ ಬೇಯಿಸಿದಿ?”

“ಏನು ಬೇಯಿಸಿದೆ, ಅತ್ತಿ?”

“ಅದನ್ನೂ ನನ್ನ ಬಾಯಿಲೇ ಅನ್ನಿಸಬೇಕೇನು? ಮೀಸಲಕ್ಕಿ.”

ಕಂಪ್ಲಿಯ ಕೋಟೆಯೊಳಗಿನ ಆ ಮನೆಯಲ್ಲಿ ಸೋಮವಾರದ ಜಂಗಮ ದಾಸೋಹವು ಪಂಪಮ್ಮನ ಅಜ್ಜಮಾವನ ಕಾಲದಿಂದ ತಪ್ಪದೆ ನಡೆದುಬಂದ ವ್ರತವಾಗಿತ್ತು. ಸುಗ್ಗಿಯಲ್ಲಿ ಕಣದಿಂದ ಬಂದ ಮೊದಲ ಭತ್ತವನ್ನು ಮನೆಯಲ್ಲಿಯೇ ಕುಟ್ಟಿ, ಆ ಅಕ್ಕಿಯನ್ನು ಗುಡಾಣದಲ್ಲಿ ತುಂಬಿ, ಬಾಯಿಗೆ ಬಿಳಿಯ ಬಟ್ಟೆ ಬಿಗಿದು, ಬಟ್ಟೆಯ ಮೇಲೆ ವಿಭೂತಿಯ ಗೆರೆಗಳನ್ನೆಳೆದು ಇಡುತ್ತಿದ್ದರು. ಅದು ಮೀಸಲು. ಸೋಮವಾರದಂದು ಜಂಗಮರ ಎಡೆಗಲ್ಲದೆ ಅದರ ಒಂದು ಕಾಳೂ ಮನೆಯವರಿಗೆ ಸಲ್ಲದು. ಮನೆಯವರು ಭತ್ತದ ವ್ಯಾಪಾರಿಗಳಾದರೂ ಭತ್ತ ಮಾರುವುದಕ್ಕೆ, ಜೋಳ ಉಣ್ಣುವುದಕ್ಕೆ ಎಂಬುದು ಅಲ್ಲಿಯ ನಡೆ.

ಕಾಳು ಮಾತ್ರವಲ್ಲ, ಅದರ ಗಂಧವೂ ಮೀಸಲೇ. ರೂಪ, ರುಚಿ, ಗಂಧಗಳೆಲ್ಲವೂ ಮೊದಲು ಲಿಂಗಕ್ಕೆ ಸಂದು ಆಮೇಲೆ ಪ್ರಸಾದವಾಗಬೇಕು. ಅರ್ಪಿತವಾಗದುದನ್ನು ನಾಲಗೆ ಮುಟ್ಟುವುದು ಎಷ್ಟು ದೋಷವೋ ನಾಸಿಕ ಮುಟ್ಟುವುದೂ ಅಷ್ಟೇ ದೋಷ. ಆದಕಾರಣ ಮೀಸಲಡುಗೆಯ ಹೊತ್ತಿನಲ್ಲಿ ಪಂಪಮ್ಮ ಒದ್ದೆಯ ವಸ್ತ್ರವನ್ನು ಮೂಗು ಬಾಯಿಗಳಿಗೆ ಕಟ್ಟಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದ ವರ್ಷದಿಂದ ತಲೆ ನರೆಯುವವರೆಗೆ ಆಕೆ ಹಾಗೆಯೇ ಅಡುಗೆ ಮಾಡಿದ್ದಳು. ಸಂಡೂರಿನಿಂದ ಬಂದ ಸೊಸೆ ಒಮ್ಮೆ ಹಸಿ ಸೌದೆಯ ಹೊಗೆಗೆ ಉಸಿರುಗಟ್ಟಿ ಆ ವಸ್ತ್ರವನ್ನು ಕೆಳಗೆಳೆದದ್ದನ್ನು ಕಂಡ ದಿನದಿಂದಲೇ ಅತ್ತೆಯ ಮನಸ್ಸಿನಲ್ಲಿ ಹಗೆ ಬೇರೂರಿತ್ತು. ಈಗ ಅದಕ್ಕೆ ನೀರು ದೊರಕಿತು.

“ಗುಡಾಣದ ಮ್ಯಾಲೆ ವಿಭೂತಿ ಗೆರಿ ಹಂಗೇ ಅದಾವು. ನೋಡ್ರಿ,” ಎಂದಳು ಮರುಳಸಿದ್ದಮ್ಮ.

“ವಿಭೂತಿ ನಿನ್ನ ಹಣಿಮ್ಯಾಲೂ ಐತಿ. ಗೆರಿ ಎಳಿಯಾಕ ಕಾಶಿಗೆ ಹೋಗಿ ಕಲ್ತು ಬರಬೇಕೇನು?”

“ಒಲಿ ಮುಟ್ಟಿ ನೋಡ್ರಿ. ತಣ್ಣಗೈತಿ.”

“ನೀರು ಹೊಯ್ದರ ಯಾವ ಒಲಿನೂ ತಣ್ಣಗಾಗತೈತಿ. ದೇವರ ಮನ್ಯಾಗಿನ ಬಾಳೆಹಣ್ಣು ಹೋದಾಗ ಇಲಿ ಅಂದಿ. ಬೆಲ್ಲ ಹೋದಾಗ ಇರಿವಿ ಅಂದಿ. ಈಗ ಅನ್ನ ಬೇಯಿಸೋ ಇಲಿ ಬಂದಾವೇನು ನಮ್ಮನಿಗೆ?”

“ನಾನು ಬೇಯಿಸಿಲ್ಲ.”

“ಹಂಗಾರ ಕೈಯಾಗ ಲಿಂಗ ಹಿಡಿ. ಹಿಡಿದು ಹೇಳು.”

ಮರುಳಸಿದ್ದಮ್ಮ ಸೆರಗಿನ ಮೇಲಿನಿಂದಲೇ ಎದೆಯ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು, ತೆರೆಯಲಿಲ್ಲ. “ಗುರುಗಳು ಇದನ್ನ ಪೂಜಾಕ್ಕ ಕೊಟ್ಟಾರ. ಅಡಿಗಿ ಮನಿ ಜಗಳಕ್ಕ ಜಾಮೀನು ಇಡಾಕ ಕೊಟ್ಟಿಲ್ಲ. ನಾನು ಹಿಡಿಯಂಗಿಲ್ಲ, ಅತ್ತಿ.”

“ಕಳ್ಳಿ ಹೆಂಗ ಹಿಡಿದಾಳು, ಬಿಡು.”

ಆ ಮಾತಿನಲ್ಲಿ ತೀರ್ಪು ಮುಗಿದಿತ್ತು. ಭತ್ತದ ಅಂಗಡಿಯಿಂದ ಮರಳಿದ ತೋಟಪ್ಪನು ತಾಯಿಯ ಮಾತನ್ನು ತಲೆ ತಗ್ಗಿಸಿ ಕೇಳಿದನು. ಹೆಂಡತಿಯ ಮಾತನ್ನೂ ತಲೆ ತಗ್ಗಿಸಿಯೇ ಕೇಳಿದನು. ಇಬ್ಬರ ನಡುವೆ ನಿಂತು ಇಬ್ಬರಿಗೂ ಮುಖ ತೋರಿಸದಿರುವ ವಿದ್ಯೆ ಅವನಿಗೆ ಸಿದ್ಧಿಸಿತ್ತು.

ಮರುದಿನ ಬೆಳಗ್ಗೆ ಪಂಪಮ್ಮ ಹೊಳೆಗೆ ಹೋದಳು. ತುಂಗಭದ್ರೆಯ ಸೋಪಾನದ ಮೇಲೆ ಬಟ್ಟೆ ಒಗೆಯುವ ಹೆಂಗಸರ ನಡುವೆ ಕೊಡ ಇಳಿಸಿ, ಎದುರುಮನೆಯ ನಿಂಗಕ್ಕನಿಗೆ ಕೇಳಿಸುವಂತೆ, ಎಂದರೆ ಎಲ್ಲರಿಗೂ ಕೇಳಿಸುವಂತೆ, ಹೇಳಿದಳು: “ನಮ್ಮ ಸೊಸಿ ಅಯ್ಯನೋರ ಬಾಯಿಂದ ಅಕ್ಕಿ ಕದ್ದು ತಿಂತಾಳವ್ವ. ಸಂಡೂರು ಸಂಸ್ಥಾನದಾಕಿ. ಅಲ್ಲಿ ಕೆಂಪು ಮಣ್ಣು ತಿಂದು ಬೆಳದಾಕಿಗೆ ಇಲ್ಲಿ ಸಣ್ಣಕ್ಕಿ ರುಚಿ ಹತ್ತೈತಿ.” ಹೊಳೆಯ ಮಾತು ಬಿಸಿಲೇರುವುದರೊಳಗೆ ಅಕ್ಕಿಯ ಗಿರಣಿಯನ್ನು ಮುಟ್ಟಿತು. ಗಿರಣಿಯಲ್ಲಿ ಭತ್ತ ತೂಗಿಸುತ್ತಿದ್ದ ತೋಟಪ್ಪನ ಮುಂದೆ ಆಳುಗಳು ಸುಮ್ಮನಾದರು. ಆ ಮೌನದಿಂದ ಅವನಿಗೆ ತಿಳಿಯಿತು.

ಅಡುಗೆಕೋಣೆಯ ಹೊಸ್ತಿಲು ದಾಟಕೂಡದೆಂದು ಸೊಸೆಗೆ ಕಟ್ಟಪ್ಪಣೆಯಾಯಿತು. ಸೋಮವಾರ ಹಾಲಯ್ಯನವರು ಎಡೆಗೆ ಬಂದಾಗ ಅವರ ಮುಂದೆ ಈ ವಿಷಯ ಹೇಳಿ, ಮಂಗಳವಾರ ಗಾಡಿ ಕಟ್ಟಿಸಿ ಹೊಸಪೇಟೆಯ ದಾರಿಯಾಗಿ ಸಂಡೂರಿಗೆ ಕಳಿಸುವುದೆಂದು ನಿಶ್ಚಯವಾಯಿತು. ಮೀಸಲು ಕದ್ದವಳೆಂಬ ಹೆಸರು ಹೊತ್ತು ತವರಿಗೆ ಹೋದವಳನ್ನು ಯಾವ ಒಲೆಯೂ ಹತ್ತಿರ ಸೇರಿಸದು. ಇದನ್ನು ಮರುಳಸಿದ್ದಮ್ಮ ಬಲ್ಲಳು. ತವರಿನಲ್ಲಿ ಇನ್ನೂ ಇಬ್ಬರು ತಂಗಿಯರು ಮದುವೆಗೆ ಇದ್ದರು.

ಆ ಸಂಜೆ ಆಕೆ ಪಡಸಾಲೆಯ ಕಂಬಕ್ಕೆ ಒರಗಿ, ಅತ್ತೆಯ ಕಣ್ಣೆದುರಿಗೇ ಕುಳಿತಿದ್ದಳು. ಪರಿಮಳ ಮತ್ತೆ ಎದ್ದಿತು.

“ಈಗ ಯಾರು ಬೇಯಿಸ್ಯಾರ, ಅತ್ತಿ? ನಾನು ಇಲ್ಲೇ ಅದೀನಿ.”

ಹಗೆಗೆ ತರ್ಕ ಗೊತ್ತಿಲ್ಲವೆಂದು ಯಾರೂ ಭಾವಿಸಬಾರದು. ತರ್ಕವನ್ನು ಹಗೆಯಷ್ಟು ಚುರುಕಾಗಿ ಬಳಸುವವರು ವಿರಳ. ಪಂಪಮ್ಮ ಮೂಗೆತ್ತಿ ಸುಳಿವು ಹಿಡಿದು, ಅಡುಗೆಕೋಣೆಯ ಮೇಲಿನ ಅಟ್ಟದತ್ತ ಕೈ ತೋರಿದಳು. ಅಟ್ಟವೆಂದರೆ ಮಾಳಿಗೆಯ ಜಂತಿಗಳಿಗೂ ಒಲೆಗೂ ನಡುವೆ ಹಲಗೆ ಹಾಸಿದ ಕತ್ತಲ ತಾಣ. ಅದರ ಬಾಯಿ ನಡುಮನೆಗೆ ತೆರೆದು, ಒಂದು ಜಾರುಹಲಗೆಯಿಂದ ಮುಚ್ಚಿರುತ್ತಿತ್ತು. “ಬೇಯಿಸಿದ್ದನ್ನ ಅಲ್ಲಿ ಬಚ್ಚಿಟ್ಟಿದಿ. ಹತ್ತು. ನೀನ ಇಟ್ಟಿದ್ದನ್ನ ನೀನ ಇಳಿಸು.”

ಮರುಳಸಿದ್ದಮ್ಮ ಏಣಿ ಇಟ್ಟು ಹತ್ತಿದಳು. ಹಲಗೆ ಸರಿಸಿದೊಡನೆ ಪರಿಮಳ ಮುಖಕ್ಕೆ ಬಡಿಯಿತು. ಕೈಯ ಹಣತೆಯನ್ನು ಮುಂದೆ ಹಿಡಿದಳು. ಒಡೆದ ತೊಟ್ಟಿಲ ಹಿಂದೆ, ಮಾಳಿಗೆಯ ಮಣ್ಣು ಕುಸಿದು ಆಕಾಶ ಕಾಣುವ ಒಂದು ತೂತಿನ ಕೆಳಗೆ, ಬೂದುಬಣ್ಣದ ಪ್ರಾಣಿಯೊಂದು ಬೆನ್ನು ಬಿಲ್ಲಾಗಿಸಿ ನಿಂತಿತ್ತು. ಮುಖಕ್ಕೆ ಕಪ್ಪು ಮುಸುಕು. ಬೆನ್ನಿನ ಮೇಲೆ ಮಸಿಯ ಗೆರೆಗಳು. ಮೈಯಷ್ಟೇ ಉದ್ದವಾದ ಬಾಲ. ಸುತ್ತಲೂ ಬಾಳೆಯ ಸಿಪ್ಪೆ, ಅಗಿದುಗುಳಿದ ಕಬ್ಬು, ಈಚಲ ಬೀಜಗಳಿಂದ ಗಂಟುಗಂಟಾದ ಹಿಕ್ಕೆ. ಅದು ಹಲ್ಲು ಕಿರಿದು ಉಗುಳಿದಂತೆ ಸದ್ದು ಮಾಡಿತು. ಕೂಡಲೇ ಅನ್ನದ ಪರಿಮಳ ಇಮ್ಮಡಿಯಾಯಿತು. ಪುನುಗಿನ ಬೆಕ್ಕು. ಗಂಧಮಾರ್ಜಾರವೆಂದು ಹಿರಿಯರು ಹೆಸರಿಟ್ಟುದು ಸುಮ್ಮನೆ ಅಲ್ಲ.

ಆಕೆ ಇಳಿದು ಬಂದು ಹೇಳಿದಳು. ಪಂಪಮ್ಮ ನಕ್ಕಳು.

“ಬೆಕ್ಕು ಅಕ್ಕಿ ತೊಳದು ಎಸರಿಡತೈತೇನು? ಉಪ್ಪು ಹಾಕತೈತೋ ಇಲ್ಲೋ?”

“ಅದರ ಮೈವಾಸನಿನ ಹಂಗೈತಿ.”

“ಅನ್ನದ ವಾಸನಿ ಯಾವುದು ಅಂತ ನನಗ ಕಲಸ್ತಿಯೇನು? ನಿನ್ನ ಗಂಡ ಹುಟ್ಟೋಕಿಂತ ಮದ್ಲಿಂದ ಮೀಸಲಡಿಗಿ ಮಾಡಾಕಿ ನಾನು.”

“ಮೂಗು ಕಟ್ಟಿಗೊಂಡು ಮಾಡೀರಿ, ಅತ್ತಿ,” ಎಂದಳು ಮರುಳಸಿದ್ದಮ್ಮ. “ಮೂಗು ಕಟ್ಟಿಗೊಂಡು ಬೇಯಿಸಿದ ಅನ್ನದ ವಾಸನಿ ನಿಮಗ ಹೆಂಗ ಗೊತ್ತು?”

ಪಂಪಮ್ಮನ ನಗೆ ಅಲ್ಲಿಗೆ ನಿಂತಿತು. ಹೊತ್ತು ಕಳೆಯುವ ಮುನ್ನ ತೋಟಪ್ಪ ಬಂದನು. ಕಂದೀಲು ಹಿಡಿದು ಅಟ್ಟಕ್ಕೆ ಹತ್ತಿದನು. ಹತ್ತಿದ್ದಕ್ಕಿಂತ ಬೇಗನೆ ಇಳಿದನು. ಅವನ ಅಂಗೈಯಲ್ಲಿ ಅಟ್ಟದ ಹಲಗೆಯಿಂದ ಕೆರೆದು ತಂದ ಮಣ್ಣಿನ ಹೆಂಟೆಯಿತ್ತು. ಅದು ಪ್ರಾಣಿಯ ಉಚ್ಚೆಯಿಂದ ಒದ್ದೆಯಾಗಿತ್ತು.

“ಐತೆವ್ವ. ಸರಿಯಾಗಿ ಒಲೀಮ್ಯಾಲೆ ಐತಿ. ಹಲಗಿ ಸಂದಿನಾಗಿಂದ ಕೆಳಗ ಸೋರೈತಿ.”

ಪಂಪಮ್ಮ ಆ ಹೆಂಟೆಯನ್ನು ಮೂಸಿದಳು. ಆಮೇಲೆ ಒಲೆಯನ್ನು ನೋಡಿದಳು. ಒಲೆಯ ಮೇಲಿನ ಹಲಗೆಯ ಸಂದನ್ನು ನೋಡಿದಳು. ಮಾತಾಡಿದಾಗ ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಕೋಪಕ್ಕಿಂತ ಗಟ್ಟಿಯಾದುದೇನೋ ಇತ್ತು.

“ಸೋಮವಾರದೊಳಗ ಇದು ಈ ಮನಿ ಬಿಡಬೇಕು. ಒಂದು ನರಪಿಳ್ಳೆಗೆ ತಿಳಿಬಾರದು.”

“ಹಂಗಾರ ನಾನು ಕದ್ದಿಲ್ಲ ಅಂತ ಹೊಳ್ಯಾಗ ಹೇಳ್ತೀರಿ,” ಎಂದಳು ಸೊಸೆ.

“ಏನಂತ ಹೇಳಲಿ? ಕಾಡುಪ್ರಾಣಿ ಉಚ್ಚಿ ಹೊಯ್ದ ಒಲೀಮ್ಯಾಲೆ ಬೇಯಿಸಿದ್ದನ್ನ ಸೋಮವಾರ ಸೋಮವಾರ ಅಯ್ಯನೋರಿಗೆ ಉಣ್ಣಿಸೀವಿ ಅಂತ ಹೇಳ್ಲೇನು? ಒಬ್ಬಾಕಿ ಕಳ್ಳಿ ಆದರ ಮನಿ ಉಳಿತೈತಿ. ಒಲಿ ಮೈಲಿಗಿ ಆತಂದ್ರ ಮನೀನ ಹೋಗತೈತಿ.”

“ನಿಮಗ ಈಗ ನಿಜ ಗೊತ್ತೈತಿ.”

“ಗೊತ್ತೈತಿ. ಮಂಗಳವಾರ ಗಾಡಿ ಹೇಳೀನಿ, ಅದೂ ಗೊತ್ತಿರಲಿ.”

ಮರುಳಸಿದ್ದಮ್ಮ ಗಂಡನ ಮುಖ ನೋಡಿದಳು. ತೋಟಪ್ಪ ಕಂದೀಲಿನ ಗಾಜನ್ನು ಒರೆಸುತ್ತಿದ್ದನು.

ಆದಿತ್ಯವಾರ ಮಧ್ಯಾಹ್ನಕ್ಕೆ ಉಚ್ಚೆಂಗಪ್ಪ ಬರಬೇಕೆಂದು ಗುಟ್ಟಾಗಿ ಹೇಳಿಕಳಿಸಿದರು. ಅವನು ಕಮಲಾಪುರದ ಕಡೆಯ ಬೇಟೆಗಾರ. ಹಂಪಿಯ ಗುಡ್ಡಗಳಲ್ಲಿ ಮೊಲಕ್ಕೂ ಕೌಜುಗಕ್ಕೂ ಬಲೆ ಬೀಸುವವನು. ಉಪಾಯವು ಸರಳವಾಗಿತ್ತು: ಅಟ್ಟದ ಬಾಯಲ್ಲಿ ಮೆಣಸಿನಕಾಯಿಯ ಹೊಗೆ ಹಾಕುವುದು, ಪ್ರಾಣಿಯು ಮಾಳಿಗೆಯ ತೂತಿನಿಂದ ಹೊರಬಿದ್ದು ಕೋಟೆಯ ಗೋಡೆ ಹಾರಿ ಹೋಗುವುದು, ಸಿಕ್ಕರೆ ಬಲೆಗೆ, ಸಿಗದಿದ್ದರೆ ಹೊಳೆಯಾಚೆಗೆ. ಬೀದಿಯವರು ಊಟ ಮುಗಿಸಿ ಕಣ್ಣು ಮುಚ್ಚುವ ಹೊತ್ತು ಅದು.

ಪ್ರಾಣಿ ಹೋದರೆ ತನ್ನ ಸಾಕ್ಷಿಯೂ ಹೋಗುತ್ತದೆಂಬುದು ಮರುಳಸಿದ್ದಮ್ಮನಿಗೆ ಸ್ಪಷ್ಟವಾಗಿತ್ತು. ಮೃಗಶಿರೆಯ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಬಳಿಯುವುದು ಆ ಸೀಮೆಯ ಪದ್ಧತಿ. ಅದಕ್ಕಾಗಿ ಹಿತ್ತಿಲಲ್ಲಿ ಸವಳುಮಣ್ಣು ಕಲಸಿ ಕೊಳೆಹಾಕಿದ್ದರು. ಆದಿತ್ಯವಾರ ಬೆಳಗ್ಗೆ ಆಕೆ ಸಂಡಿಗೆ ಒಣಹಾಕುವ ನೆವದಿಂದ ಮಾಳಿಗೆ ಹತ್ತಿದಳು. ಮೊರದಲ್ಲಿ ಸಂಡಿಗೆಯ ಹಿಟ್ಟು ಮೇಲೆ, ಸವಳುಮಣ್ಣು ಕೆಳಗೆ. ಪ್ರಾಣಿ ಒಳಗೆ ನಿದ್ರಿಸುತ್ತಿತ್ತು. ತೂತಿಗೆ ಒಂದು ಚಪ್ಪಡಿಕಲ್ಲನ್ನು ಆನಿಸಿ, ಉಸಿರಾಡುವಷ್ಟು ಸಂದು ಬಿಟ್ಟು, ಮಿಕ್ಕುದನ್ನು ಮಣ್ಣಿನಿಂದ ಮುಚ್ಚಿ, ಅಂಗೈಯಿಂದ ನೀವಿ ಮಾಳಿಗೆಯ ಮೈಗೆ ಸಮಮಾಡಿದಳು. ಬೇಸಗೆಯ ಬಿಸಿಲು ಅದನ್ನು ಬೇಗನೆ ಒಣಗಿಸಿತು.

ಜಂಗಮರು ಎಡೆಗೆ ಕುಳಿತಾಗ ಅವರೆದುರು ಪ್ರಾಣಿಯನ್ನು ಬಯಲು ಮಾಡಬಹುದೇ ಎಂದು ಆಕೆ ತನ್ನನ್ನು ತಾನೇ ಕೇಳಿಕೊಳ್ಳದೆ ಇರಲಿಲ್ಲ. ಸಂಡಿಗೆ ಇಡುತ್ತಲೇ ಕೇಳಿಕೊಂಡಳು. ಮೈಲಿಗೆಯ ಒಲೆಯ ಅನ್ನವನ್ನು, ಮೈಲಿಗೆಯೆಂದು ತಿಳಿದೂ, ಬಾಯಿ ಮುಚ್ಚಿಕೊಂಡು ಶಿವಸ್ವರೂಪಿಗೆ ಬಡಿಸುವುದು ದಾಸೋಹವಲ್ಲ, ದ್ರೋಹ. ಅವರ ಕೈ ಎಡೆಯನ್ನು ಮುಟ್ಟುವ ಮುನ್ನ ತಾನು ತಡೆಯಬೇಕು. ಅಷ್ಟು ನಿಶ್ಚಯ ಮಾಡಿಕೊಂಡು ಮಾಳಿಗೆಯಿಂದ ಇಳಿದಳು.

ಉಚ್ಚೆಂಗಪ್ಪ ಹೆಗಲ ಮೇಲೆ ಬಲೆ ಹೊತ್ತು ಬಂದನು.

“ಚಿರತಿ ಹಿಡಿದ ಬಲಿ ಇದು, ಸಾವ್ಕಾರ್ರ. ನಿಮ್ಮ ಬೆಕ್ಕು ಯಾವ ಲೆಕ್ಕ.”

“ಆ ಚಿರತಿ ಏನಾತು?” ಎಂದು ಕೇಳಿದನು ತೋಟಪ್ಪ.

“ಬಲಿ ಹರಕೊಂಡು ಹೋತ್ರಿ. ಇಲ್ಲಿ ನೋಡ್ರಿ, ಹೊಲದೀನಿ.”

ಅವನು ಮೆಣಸಿನಕಾಯಿಯನ್ನು ಕೆಂಡದ ಮೇಲೆ ಸುರಿದು ಅಟ್ಟದ ಬಾಯಲ್ಲಿಟ್ಟು, ಮಾಳಿಗೆ ಹತ್ತಿ ಬಲೆ ಹರಡಿ ಕಾದನು. ಹೊಗೆಯು ಅಟ್ಟಕ್ಕೆ ಹೋದುದಕ್ಕಿಂತ ಹೆಚ್ಚಾಗಿ ನಡುಮನೆಗೆ ಇಳಿಯಿತು. ಪಂಪಮ್ಮ ಕೆಮ್ಮಿ ಕೆಮ್ಮಿ ದೇವರ ಮನೆಯೊಳಗೆ ಕುಸಿದಳು. ತೋಟಪ್ಪ ಕಣ್ಣೀರು ಸುರಿಸುತ್ತ ಹಿತ್ತಿಲಿಗೆ ಓಡಿದನು. ಮೇಲೆ ಏನೋ ಒಮ್ಮೆ ಗಡಬಡಿಸಿತು, ಆಮೇಲೆ ಸದ್ದಿಲ್ಲ. ಉಚ್ಚೆಂಗಪ್ಪ ಬರಿಯ ಬಲೆಯನ್ನು ಸುತ್ತಿಕೊಂಡು ಇಳಿದನು.

“ಹೋತ್ರಿ. ಇಷ್ಟೊತ್ತಿಗೆ ಹೊಳಿ ದಾಟಿ ಆನೆಗೊಂದಿ ಸೇರಿರತೈತಿ.”

“ಕಣ್ಣಿಲೆ ಕಂಡಿಯೇನು?” ಎಂದಳು ಮರುಳಸಿದ್ದಮ್ಮ.

“ಕಾಣಾಕ ನಿಂತರ ಹಿಡಿಯೋರು ಯಾರವ್ವ? ಅದರ ಬಾಲದ ಗಾಳಿ ನನ್ನ ಕೆನ್ನಿಗೆ ಬಡೀತು.”

“ಎಲ್ಲಿಂದ ಬಂತು?”

“ತೂತಿನಾಗಿಂದ.”

“ತೂತು ಎಲ್ಲೈತಿ?”

“ಮಾಳಿಗಿ ಅಂದಮ್ಯಾಲೆ ಎಲ್ಲೋ ಒಂದು ಕಡಿ ಇರತೈತಿ ಬಿಡವ್ವ,” ಎಂದು ಅವನು ಎಲೆಯಡಿಕೆ ಇಸಿದುಕೊಂಡು ಹೊರಟನು. ಮಾಳಿಗೆಯ ತೂತನ್ನು ಆಮೇಲೆ ಮಗನೇ ಮುಚ್ಚಿಸಿದನೆಂದು ಪಂಪಮ್ಮ ಭಾವಿಸಿದಳು. ತಾಯಿ ಮುಚ್ಚಿಸಿದಳೆಂದು ತೋಟಪ್ಪ ಭಾವಿಸಿದನು. ಅಟ್ಟದ ಜಾರುಹಲಗೆಯನ್ನು ಎಳೆದು ಮುಚ್ಚಿದರು. ಒಲೆಗೆ ಗೋಮಯ ಸಾರಿಸಿದರು. ಆ ಸಂಜೆ ಮನೆಯಲ್ಲಿ ಮೆಣಸಿನಕಾಯಿಯ ಘಾಟಿನ ಹೊರತು ಬೇರೆ ವಾಸನೆ ಇರಲಿಲ್ಲವಾಗಿ, ಎಲ್ಲರೂ ನಂಬಿದರು.

ಸೋಮವಾರ ಹಾಲಯ್ಯನವರು ಬಂದರು. ವಯೋವೃದ್ಧರು, ಮಿತಭಾಷಿಗಳು; ಆಚಾರದಲ್ಲಿ ಕೂದಲೆಳೆಯಷ್ಟು ಸಡಿಲವನ್ನೂ ಸಹಿಸದವರು. ಪಾದಪೂಜೆಯಾಯಿತು. ನಡುಮನೆಯಲ್ಲಿ ಕಂಬಳಿ ಹಾಸಿ, ಬಾಳೆಲೆ ಇಟ್ಟು, ಪಂಪಮ್ಮ ಮೂಗು ಬಾಯಿ ಕಟ್ಟಿಕೊಂಡೇ ಬಡಿಸಿದಳು. ನೀರಿನ ತಂಬಿಗೆ ಹಿಡಿದು ನಿಲ್ಲುವ ಕೆಲಸವನ್ನು ಮಾತ್ರ ಸೊಸೆಗೆ ಬಿಟ್ಟಿದ್ದಳು; ಅಪರಾಧಿಯು ಎದುರಿಗಿರುವುದು ಒಳ್ಳೆಯದೆಂದು. ಅಯ್ಯನವರು ಎಡಗೈಯಲ್ಲಿ ಲಿಂಗವನ್ನಿರಿಸಿಕೊಂಡರು. ಪಂಪಮ್ಮ ಪದ್ಧತಿಯಂತೆ ಕಂಚಿನ ಗಂಟೆಯನ್ನು ಬಾರಿಸಿದಳು.

ಗಂಟೆಯ ನಾದ ಆ ಗೋಡೆಗಳ ನಡುವೆ ದೊಡ್ಡದಾಯಿತು. ಹಸಿದು, ಬೆದರಿ, ಹೊರದಾರಿ ಕಾಣದೆ ಮುದುಡಿಕೊಂಡಿದ್ದ ಪ್ರಾಣಿಯು ಮೇಲೆ ಎಚ್ಚೆತ್ತಿತು. ಹಲಗೆಯ ಸಂದುಗಳಿಂದ ಅನ್ನದ ಪರಿಮಳ ಧಾರೆಯಾಗಿ ಇಳಿಯಿತು.

ಹಾಲಯ್ಯನವರು ಎಲೆಯ ಕಡೆಗೆ ಚಾಚಿದ ಕೈಯನ್ನು ತಡೆದರು.

“ಪಂಪಮ್ಮ, ಎಡೀಗೆ ಅನ್ನ ಬಂದೈತಿ. ಒಲೀಮ್ಯಾಲೆ ಇನ್ನ್ಯಾವ ಅನ್ನ ಕುದಿಯಾಕತ್ತೈತಿ?”

“ಯಾವುದೂ ಇಲ್ರಿ, ಅಯ್ಯನೋರ.”

“ನನ್ನ ಕಣ್ಣು ಮಂಜಾಗ್ಯಾವ. ಮೂಗು ಇನ್ನೂ ಮುದುಕಾಗಿಲ್ಲ.”

ಪಂಪಮ್ಮನಿಗೆ ತಿಳಿಯಿತು. ಮೂಗಿನ ವಸ್ತ್ರದ ಮೇಲೆ ಆಕೆಯ ಕಣ್ಣುಗಳು ಅಟ್ಟದತ್ತ ಹೋಗಿ, ಕೂಡಲೇ ಸೊಸೆಯ ಮೇಲೆ ಇಳಿದವು. ನಿಜವನ್ನು ಆಡುವುದಕ್ಕೆ ಅದೊಂದು ಗಳಿಗೆ ಆಕೆಗೆ ದೊರೆತಿತ್ತು. ಆಕೆ ಅದನ್ನು ಬಳಸಲಿಲ್ಲ.

“ಏನು ಮುಚ್ಚಿಡಲ್ರಿ. ಈ ಸೊಸಿ ಮೀಸಲ ಕದ್ದು ಬೇಯಿಸ್ತಾಳ್ರಿ. ನಾಳೆ ತವರಿಗೆ ಕಳಸಾಕತ್ತೀವಿ. ನೀವು ಪ್ರಸಾದ ಮಾಡ್ರಿ.”

ಮರುಳಸಿದ್ದಮ್ಮ ತಂಬಿಗೆಯನ್ನು ನೆಲಕ್ಕಿಟ್ಟಳು. “ಅಯ್ಯನೋರ, ಎಡೀಗೆ ಕೈ ಹಾಕಬ್ಯಾಡ್ರಿ,” ಎಂದಳು. ಗೋಡೆಗೆ ಒರಗಿಸಿದ್ದ ಉದ್ದನೆಯ ದೋಟಿಗೋಲನ್ನು ತೆಗೆದುಕೊಂಡು ಅಟ್ಟದ ಜಾರುಹಲಗೆಯನ್ನು ಒಂದೇ ನೂಕಿಗೆ ಸರಿಸಿದಳು.

ಬೆಳಕು ಕಂಡ ಪ್ರಾಣಿ ಅಟ್ಟದ ಬಾಯಿಂದ ಬಿದ್ದಿತೋ ಹಾರಿತೋ ಹೇಳುವಂತಿರಲಿಲ್ಲ. ಎಲೆಯ ಮೇಲೆ ಬಿತ್ತು, ಅನ್ನ ಚೆಲ್ಲಿತು, ಪಂಪಮ್ಮನ ಸೀರೆಯ ನೆರಿಗೆಯೊಳಗೆ ನುಗ್ಗಿ, ಅಲ್ಲಿಂದ ದೇವರ ಮನೆಯ ಹೊಸ್ತಿಲವರೆಗೂ ಹೋಗಿ, ತಿರುಗಿ, ಪಡಸಾಲೆಯಲ್ಲಿದ್ದ ತೋಟಪ್ಪನ ಕಾಲುಗಳ ನಡುವೆ ತೂರಿ, ಹಾಡುಹಗಲಿನಲ್ಲಿ ಕೋಟೆಯ ಬೀದಿಗೆ ಬಿತ್ತು. ನಾಯಿಗಳು ಬೆನ್ನು ಹತ್ತಿದವು. ಅದು ಬೇವಿನ ಮರವೇರಿ, ಕೊಂಬೆಯಿಂದ ಕೋಟೆಯ ಗೋಡೆಗೆ ಹಾರಿ, ಹೊಳೆಯ ಕಡೆ ಇಳಿದುಹೋಯಿತು. ನಡುಮನೆಯಲ್ಲಿ ಪರಿಮಳ ಮಾತ್ರ ಉಳಿಯಿತು.

ಹಾಲಯ್ಯನವರು ಲಿಂಗವನ್ನು ಕರಡಿಗೆಯಲ್ಲಿಟ್ಟುಕೊಂಡು ಎದ್ದು ನಿಂತರು. ಯಾರಿಗೂ ಬೈಯಲಿಲ್ಲ.

“ಎಷ್ಟು ದಿನದಿಂದ ಗೊತ್ತಿತ್ತು, ಪಂಪಮ್ಮ?”

ಪಂಪಮ್ಮ ಮೂಗಿನ ವಸ್ತ್ರವನ್ನು ಬಿಚ್ಚಲಿಲ್ಲ.

“ಗೊತ್ತಿಲ್ಲದ್ದಕ್ಕ ಪ್ರಾಯಶ್ಚಿತ್ತ ಐತಿ. ಗೊತ್ತಿದ್ದದ್ದಕ್ಕ ಏನೈತಿ ಅಂತ ನೀನ ಹೇಳು.” ಅವರು ಕೋಲನ್ನು ತೆಗೆದುಕೊಂಡರು. “ಈ ಒಲೀನ ಕಿತ್ತು ಹೊಳಿಗೆ ಹಾಕ್ರಿ. ಅಟ್ಟ ತೊಳೀರಿ. ಹೊಸಾ ಒಲೀನ ಈಕಿ ಹಾಕಲಿ. ನನ್ನ ಬಾಯಿಗೆ ಹೋಗೋದನ್ನ ತಡದ ಕೈ ಅದು. ಆವಾಗ ಬರ್ತೀನಿ. ಈಕಿ ಹಾಕಿಲ್ಲಂದ್ರ ನನ್ನ ಹಾದಿ ನೋಡಬ್ಯಾಡ್ರಿ.”

ಗಾಡಿಯ ಮಾತು ಅಲ್ಲಿಗೆ ನಿಂತಿತು. ಒಲೆ ಹೊಳೆಗೆ ಹೋಯಿತು. ಅಟ್ಟವನ್ನೂ ಮಾಳಿಗೆಯನ್ನೂ ಸರಿಪಡಿಸಲು ಕೂಲಿಯವರು ದೊರಕಿದರು. ಒಲೆಗೆ ಮಾತ್ರ ಕೈ ದೊರಕಲಿಲ್ಲ. ತೋಟಪ್ಪ ಕೆಮ್ಮಣ್ಣು, ಹೊಟ್ಟು ತರಿಸಿ ಹಿತ್ತಿಲಲ್ಲಿ ಸುರಿಸಿದನು. ಮರುಳಸಿದ್ದಮ್ಮ ಅದರ ಪಕ್ಕದಲ್ಲೇ ಕುಳಿತು ಜೋಳ ಹಸನು ಮಾಡುತ್ತಿದ್ದಳು.

“ಮಣ್ಣು ಬಂದೈತಿ,” ಎಂದನು ತೋಟಪ್ಪ.

“ಕಂಡೀನಿ.”

“ಮತ್ತ?”

“ನಿಮ್ಮವ್ವ ಹೊಳ್ಯಾಗ ಆಡಿದ ಮಾತು ಇನ್ನೂ ಹೊಳ್ಯಾಗ ಐತಿ. ನಿನ್ನೆ ನೀರಿಗೆ ಹೋದಾಗ ನಿಂಗಕ್ಕ ಏನಂದ್ಲು ಗೊತ್ತೇನು? ‘ಬೆಕ್ಕಿಗೂ ನಿನಗೂ ಪಾಲು ಹೆಂಗ ಹಂಚಿಗೊಂಡ್ರಿ?’ ಅಂತ ಕೇಳಿದ್ಲು. ಅಲ್ಲಿ ಚೆಲ್ಲಿದ್ದನ್ನ ಅಲ್ಲೇ ಬಳಕೊಂಡು ಬರಲಿ. ಅಲ್ಲೀತನಕ ನಾನು ಮಣ್ಣು ಮುಟ್ಟಂಗಿಲ್ಲ.”

“ವಯಸ್ಸಾದಾಕಿ ಆಕಿ.”

“ಮಾತು ಚೆಲ್ಲುವಾಗಲೂ ವಯಸ್ಸಾಗಿತ್ತು.”

ಒಲೆಯಿಲ್ಲದ ಮನೆಯಲ್ಲಿ ತಾಯಿ ಮಗ ಮಂಡಕ್ಕಿ ತಿಂದರು. ಸೊಸೆಯೂ ಅದನ್ನೇ ತಿಂದಳು. ನೆರೆಮನೆಯಿಂದ ಬಂದ ರೊಟ್ಟಿಯನ್ನು ಪಂಪಮ್ಮ ಹಿಂದಕ್ಕೆ ಕಳಿಸಿದಳು. ದಿನಗಳು ಉರುಳಿ ಸೋಮವಾರ ಹತ್ತಿರವಾಯಿತು. ಅಜ್ಜಮಾವನ ಕಾಲದಿಂದ ತಪ್ಪದ ವ್ರತ ತನ್ನ ಕಾಲದಲ್ಲಿ ತಪ್ಪುವುದನ್ನು ಆಕೆ ಗುಡಾಣದ ಮುಂದೆ ಕುಳಿತು ನೋಡುತ್ತಿದ್ದಳು. ವಿಭೂತಿಯ ಗೆರೆಗಳು ತಾನೆಳೆದಂತೆಯೇ ಇದ್ದವು.

ಶನಿವಾರ ಬೆಳಗ್ಗೆ ಪಂಪಮ್ಮ ಕೊಡ ಎತ್ತಿಕೊಂಡಳು. ಮರುಳಸಿದ್ದಮ್ಮ ತನ್ನ ಕೊಡವನ್ನೆತ್ತಿಕೊಂಡು ಹಿಂದೆ ನಡೆದಳು. ಅತ್ತೆ ತಿರುಗಿ ನೋಡಲಿಲ್ಲ. ಹೆಜ್ಜೆಯ ಸದ್ದು ಕೇಳುತ್ತಿತ್ತು.

ಸೋಪಾನದ ಮೇಲೆ ಹೆಂಗಸರು ಜಾಗ ಬಿಟ್ಟರು. ಪಂಪಮ್ಮ ಕೊಡ ತೊಳೆದಳು, ತುಂಬಿದಳು, ಮತ್ತೆ ಚೆಲ್ಲಿದಳು.

“ನಮ್ಮ ಅಟ್ಟದಾಗ ಪುನುಗಿನ ಬೆಕ್ಕು ಇತ್ತವ್ವ,” ಎಂದಳು ನೀರನ್ನು ನೋಡುತ್ತ.

“ಬೀದಿಯೆಲ್ಲ ನೋಡೇತಿ,” ಎಂದಳು ನಿಂಗಕ್ಕ.

“ಅನ್ನದ ವಾಸನಿ ಅದರದ್ದು.”

ಅಷ್ಟಕ್ಕೆ ಕೊಡವನ್ನು ಸೊಂಟಕ್ಕೇರಿಸಿದಳು. ಮೇಲಿನ ಮೆಟ್ಟಿಲಲ್ಲಿ ಮರುಳಸಿದ್ದಮ್ಮ ದಾರಿಗೆ ಅಡ್ಡವಾಗಿ ನಿಂತಿದ್ದಳು.

“ಇನ್ನೊಂದು ಮಾತು ಉಳಿದೈತಿ, ಅತ್ತಿ.”

ಬಟ್ಟೆ ಒಗೆಯುವ ಸದ್ದು ನಿಂತಿತ್ತು. ಪಂಪಮ್ಮ ಸೊಸೆಯ ಮುಖವನ್ನು ನೋಡಿದಳು. ಅಲ್ಲಿ ಕರುಣೆಯನ್ನು ಹುಡುಕಿದಳೋ ಏನೋ, ಹುಡುಕಿದ್ದರೆ ಸಿಗಲಿಲ್ಲ. ಕೊಡವನ್ನು ಇಳಿಸಿದಳು.

“ನನ್ನ ಸೊಸಿ ಕದ್ದಿಲ್ಲ,” ಎಂದಳು. “ಗೊತ್ತಿದ್ದೂ ಕಳ್ಳಿ ಅಂದೆ.”

ಮರುಳಸಿದ್ದಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅಂದೇ ಮಣ್ಣು ಕಲಸಿದಳು. ಆದಿತ್ಯವಾರದ ಬಿಸಿಲಿಗೆ ಒಲೆ ಒಣಗಿತು. ಸಂಜೆ, ಮೊದಲು ಹಾಲುಕ್ಕಿಸಿ, ಗಿರಣಿಯಿಂದ ತರಿಸಿದ ಚೀಲದಿಂದ ಅಕ್ಕಿ ತೆಗೆದು ತೊಳೆದು ಎಸರಿಗೆ ಹಾಕಿದಳು. ಹೊಸ ಒಲೆಯ ಮೇಲೆ ಮೀಸಲಡುಗೆಗೆ ಮುಂಚೆ ಒಂದು ಮನೆಯಡುಗೆ ಬೆಂದು ಒಲೆ ಪಳಗಬೇಕು. ಪಂಪಮ್ಮ ಹೊಸ್ತಿಲ ಹೊರಗೆ ಕುಳಿತಿದ್ದಳು. ಅನ್ನ ಕುದಿಯತೊಡಗಿದಾಗ ಆಕೆಯ ಕೈ ತಾನಾಗಿಯೇ ಸೆರಗನ್ನು ಮೂಗಿಗೆ ಒಯ್ಯಿತು.

“ಇದು ಮೀಸಲಲ್ಲ, ಅತ್ತಿ. ಮನಿ ಅನ್ನ,” ಎಂದಳು ಮರುಳಸಿದ್ದಮ್ಮ. “ಸೆರಗು ತಗೀರಿ. ಛಲೋತ್ನಾಗ ಮೂಸಿ ನೆನಪಿಟ್ಟುಕೊಳ್ರಿ.”

ಆಕೆ ಗಡಿಗೆಯ ಮುಚ್ಚಳವನ್ನು ತೆಗೆದು, ಅದನ್ನು ಕೈಯಲ್ಲಿಯೇ ಹಿಡಿದು ನಿಂತಳು. ಹಬೆಯು ಹೊಸ ಹಲಗೆಗಳವರೆಗೆ ಏರಿ ಹೊಸ್ತಿಲಿನತ್ತ ಹರಡಿತು. ಅನ್ನ ಬೆಂದು ಗಂಜಿ ಗಟ್ಟಿಯಾಗುವವರೆಗೂ ಸೊಸೆ ಹಾಗೆಯೇ ನಿಂತಿದ್ದಳು. ಆಮೇಲೆ ಪಂಪಮ್ಮ ಸೆರಗನ್ನು ಇಳಿಸಿದಳು.